ನೀರು ಕೇಳಿದ ಒಡ್ಡು

ಗುಡೂರಿನ ಕಾಸಿಂಬಿಗೆ ಒಂದು ಚಟವಿತ್ತು. ಎಲೆ ಅಡಿಕೆಯದಲ್ಲ, ಚಹಾದ್ದೂ ಅಲ್ಲ. ತನ್ನ ಹೊಲದ ಅಂಚಿನ ಬಂಡಿದಾರಿಯಲ್ಲಿ ಬಾಳಮ್ಮ ಹಾದು ಹೋದಾಗಲೆಲ್ಲ ಆ ದಾರಿ ಯಾರದೆಂದು ನೆನಪಿಸುವ ಚಟ.

"ಹೋಗವ್ವಾ ಹೋಗು. ನಮ್ಮ ಮಾವ ಕೊಟ್ಟ ದಾರಿ ಐತಿ, ಆರಾಮ ಹೋಗು," ಎನ್ನುವಳು.

"ಹೌದವ್ವಾ, ನಿಮ್ಮ ಮಾವ ದೊಡ್ಡ ಮನಷ್ಯಾ," ಎಂದು ಬಾಳಮ್ಮ ನಕ್ಕು ಮುಂದೆ ಹೋಗುವಳು.

ಕಾಸಿಂಬಿ ಮದುವೆಯಾಗಿ ಆ ಊರಿಗೆ ಬಂದು ನಲವತ್ತು ವರ್ಷ. ನಲವತ್ತು ವರ್ಷವೂ ಇದೇ ಮಾತು, ಇದೇ ನಗು. ಬೇರೆ ಯಾರಾದರೂ ಆಗಿದ್ದರೆ ಮೂರನೆಯ ದಿನಕ್ಕೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗಳಕ್ಕೆ ನಿಲ್ಲುತ್ತಿದ್ದರು. ಬಾಳಮ್ಮ ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲವೆಂದು ಕಾಸಿಂಬಿ ಒಂದು ದಿನವೂ ಯೋಚಿಸಲಿಲ್ಲ. ಕೊಟ್ಟೆವು ಅನ್ನುವವರಿಗೆ ಅಷ್ಟೆಲ್ಲ ಯೋಚಿಸುವ ಪುರುಸೊತ್ತು ಎಲ್ಲಿರುತ್ತದೆ ಹೇಳಿ.

ಹೊಲಗಳ ಸಂಗತಿ ಮೊದಲು ತಿಳಿಯಬೇಕು. ಊರಿನ ಮೂಡಲಿಗೆ ಇಳಿಜಾರಿನ ಎರೆ ಭೂಮಿ. ಮೇಲಿನ ಹೊಲ ಬಾಳಮ್ಮನದು. ಅವಳ ಮಾವ ಯಮನಪ್ಪನಿಗೆ ಸರ್ಕಾರ ಮಂಜೂರು ಮಾಡಿದ್ದು. ಊರ ಹೊರಗಿನ ಆ ಕೇರಿಯವರ ಕೈಗೆ ಮೊದಲ ಸಲ ಬಂದ ಭೂಮಿ. ಕೆಳಗಿನ ಹೊಲ ಕಾಸಿಂಬಿಯದು, ಅವಳ ಮಾವ ಜಲಾಲುದ್ದೀನನ ಕಾಲದಿಂದ ಬಂದದ್ದು. ಎರಡರ ನಡುವೆ ಒಂದು ಮಣ್ಣಿನ ಒಡ್ಡು. ಒಡ್ಡಿನ ಮಧ್ಯದಲ್ಲಿ ಕಲ್ಲು ಜೋಡಿಸಿ ಕಟ್ಟಿದ ನೀರಿನ ಬಾಯಿ. ಅದಕ್ಕೆ ಆ ಕಡೆಯವರು ಗುಂಡಾವರ್ತಿ ಎನ್ನುತ್ತಾರೆ. ಮಳೆಯ ನೀರು ಮೇಲಿನ ಹೊಲದಲ್ಲಿ ನಿಂತು, ಇಂಗುವಷ್ಟು ಇಂಗಿ, ಮಿಕ್ಕದ್ದು ಆ ಬಾಯಿಯಿಂದ ನಿಧಾನಕ್ಕೆ ಕೆಳಗಿನ ಹೊಲಕ್ಕೆ ಇಳಿಯಬೇಕು. ಬಾಯಿ ಸರಿಯಿದ್ದರೆ ಎರಡೂ ಹೊಲಕ್ಕೆ ಹಸಿ. ಅಲ್ಲಿಯ ನಾಲ್ಕು ಕಲ್ಲು ಸಡಿಲಾದರೆ ಸಾಕು, ದೊಡ್ಡ ಮಳೆಗೆ ಒಡ್ಡು ಹರಿದು ಎರಡೂ ಮನೆಯ ಮಣ್ಣು ಹಳ್ಳದ ಪಾಲು.

ಅದಕ್ಕಾಗಿ ಆ ಎರಡು ಮನೆಗಳಲ್ಲಿ ಒಂದು ಪದ್ಧತಿ. ಮೃಗಶಿರಾ ಮಳೆ ಹುಟ್ಟುವುದಕ್ಕೆ ಮುಂಚೆ ಒಂದು ದಿನ ಇಬ್ಬರೂ ಕೂಡಿ ಗುಂಡಾವರ್ತಿ ಸರಿಮಾಡುವುದು. ಮೇಲಿನ ಮನೆಯವರು ಆ ದಿನ ಮುಂಜಾನೆಯಿಂದ ಏನೂ ತಿನ್ನದೆ, ಹೊಸ ಕಲ್ಲು ಹೊತ್ತು ಬರಬೇಕು. ಕೆಳಗಿನ ಮನೆಯವರು ಬುತ್ತಿ ತರಬೇಕು. ಕೆಲಸ ಮುಗಿದ ಮೇಲೆ ಬುತ್ತಿ ಬಿಚ್ಚಿ ಮೊದಲ ರೊಟ್ಟಿಯನ್ನು ಮೇಲಿನ ಮನೆಯ ಹಿರಿಯರ ಕೈಯಲ್ಲಿ ಇಡಬೇಕು. ಅವರು ಒಂದು ತುತ್ತು ಬಾಯಿಗೆ ಹಾಕಿಕೊಂಡ ಮೇಲೆಯೇ ಉಳಿದವರು ಉಣ್ಣುವುದು.

ಹೊಸ ಸೊಸೆಯಾಗಿ ಬಂದಾಗ ಕಾಸಿಂಬಿ "ಯಾಕ್ರಿ ಹಿಂಗ?" ಎಂದು ಅತ್ತೆಯನ್ನು ಕೇಳಿದ್ದಳು. "ನಿಮ್ಮ ಮಾವ ಹಾಕಿದ ಪದ್ಧತಿ. ಮಾಡಂದ್ರ ಮಾಡು," ಎಂದಿದ್ದಳು ಅತ್ತೆ. ಆಕೆ ಒಲೆಯ ಮುಂದೆ ಕೂತಾಗ ಎರಡನೆಯ ಪ್ರಶ್ನೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹಾಗಾಗಿ ಕಾಸಿಂಬಿ ತಾನೇ ಒಂದು ಉತ್ತರ ಮಾಡಿಕೊಂಡಳು: ಪಾಪ, ಅವರಿಗೆ ದಾರಿಯನ್ನೂ ಕೊಟ್ಟೆವು, ವರ್ಷಕ್ಕೊಮ್ಮೆ ಊಟವನ್ನೂ ಕೊಡುತ್ತೇವೆ, ನಮ್ಮದು ಕೊಡುವ ಕೈ. ನಲವತ್ತು ಮೃಗಶಿರಾ ಆ ಕೈಯನ್ನು ಒಂದು ಗೇಣು ಎತ್ತರಕ್ಕೆ ಹಿಡಿದೇ ರೊಟ್ಟಿ ಕೊಟ್ಟಳು.

ಈ ವರ್ಷ ಬೇಸಿಗೆಯಲ್ಲಿ ಊರಿಗೆ ಮರುಮೋಜಣಿ ಬಂತು. ಸರಪಳಿ ಎಳೆಯುವ ಕಾಲ ಹೋಯಿತಲ್ಲ, ಈಗ ಡ್ರೋನು. ಅದು ಮೂರು ದಿನ ಹೊಲಗಳ ಮೇಲೆ ಗುಂಯ್ ಎಂದು ತಿರುಗಿತು; ಎಮ್ಮೆಗಳು ಬೆದರಿ ಹಗ್ಗ ಹರಿದುಕೊಂಡವು. ಆಮೇಲೆ ಪಂಚಾಯತಿ ಗೋಡೆಗೆ ನಕಾಶೆ ಬಂತು. ತಕರಾರು ಇದ್ದವರು ಹದಿನೈದು ದಿನದೊಳಗೆ ಹೇಳಬೇಕು, ಕೊನೆಯ ದಿನ ಸರ್ವೆಯವರು ಊರಿಗೇ ಬಂದು ಕೂತು ಕೇಳುತ್ತಾರೆ, ಅಲ್ಲಿಗೆ ಗೆರೆ ಕಾಯಂ.

ಕಾಸಿಂಬಿಗೆ ಖುಷಿಯೇ ಆಗಿತ್ತು. ಹೊಲದ ಉತಾರ, ಅಂದರೆ ಪಹಣಿ, ಇನ್ನೂ ಸತ್ತು ಮೂವತ್ತು ವರ್ಷವಾದ ಜಲಾಲುದ್ದೀನನ ಹೆಸರಿನಲ್ಲಿತ್ತು. ಗಂಡ ಯುನೂಸ ತೀರಿಕೊಂಡು ಒಂಬತ್ತು ವರ್ಷ. ಇದ್ದ ಒಬ್ಬಳೇ ಮಗಳು ಸಾಜಿಯಾ, ಇಳಕಲ್ಲಿನಲ್ಲಿ ಗಂಡನ ಜೊತೆ ಮಗ್ಗ ನೇಯುತ್ತಾಳೆ. ಈ ಸಲ ತನ್ನ ಹೆಸರು, ಮಗಳ ಹೆಸರು ಎರಡೂ ಉತಾರದಲ್ಲಿ ಬರಬೇಕು. ಒಡ್ಡಿನ ಬುಡದ ಪಟ್ಟಿ ಸಾಜಿಯಾಳ ಪಾಲಿಗೆ ಎಂದು ಯಾವಾಗಲೋ ಹೇಳಿಬಿಟ್ಟಿದ್ದಳು. ಇದ್ದ ಒಂದು ಎಕರೆ ಮೂವತ್ತು ಗುಂಟೆಯಲ್ಲಿ ಆ ಪಟ್ಟಿಯೇ ಜೀವ. ಗುಂಡಾವರ್ತಿಯ ನೀರು ಹೊತ್ತು ತಂದ ಮೆಕ್ಕಲು ಮಣ್ಣು ಅಲ್ಲಿ ಮೊಣಕಾಲುದ್ದ. ಸಾಜಿಯಾ ಹೊಟ್ಟೆಯಲ್ಲಿದ್ದಾಗ ಬಯಕೆಯಾಗಿ ಸುಟ್ಟು ತಿಂದ ಸೀತನಿ ಆ ಪಟ್ಟಿಯ ಜೋಳದ್ದು. ಊರೆಲ್ಲ ಒಣಗಿದ ವರ್ಷವೂ ಅದೊಂದು ಪಟ್ಟಿ ಹಸಿರಾಗಿ ನಿಂತು ಮನೆಮಂದಿಯ ಬಾಯಿಗೆ ಜೋಳ ಹಾಕಿತ್ತು.

ನಕಾಶೆ ಓದಲು ಇಳಕಲ್ಲಿನಿಂದ ಗಂಡನ ದೊಡ್ಡಪ್ಪನ ಮೊಮ್ಮಗ ಅಫ್ಜಲನನ್ನು ಕರೆಸಿದಳು. ಅವನದು ಅಲ್ಲಿ ಝೆರಾಕ್ಸ್ ಅಂಗಡಿ. ದಿನಕ್ಕೆ ಇಪ್ಪತ್ತು ಜನರ ಉತಾರ ತೆಗೆದು ಕೊಡುವುದರಿಂದ ತಾನು ಅರ್ಧ ತಹಶೀಲ್ದಾರ ಎಂದು ಅವನ ನಂಬಿಕೆ. ಗೋಡೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತವನು ಮುಖ ಸಪ್ಪೆ ಮಾಡಿದ.

"ಚಾಚೀ, ಎಡವಟ್ಟ ಆಗೈತಲ್ಲ. ನಿಮ್ಮ ಗಡಿಯ ಹದ್ದು ಒಡ್ಡಿನ ಮ್ಯಾಲ ಇಲ್ಲ. ಒಡ್ಡಿನಿಂದ ಹದಿನೈದು ಹೆಜ್ಜಿ ಕೆಳಗ ನಿಮ್ಮ ಹೊಲದಾಗ ಐತಿ. ಹದಿನಾಲ್ಕು ಗುಂಟೆ ಬಾಳಮ್ಮನ ನಂಬರಿಗೆ ಹೋಗೈತಿ."

"ಯಾವ ಹದಿನಾಲ್ಕು ಗುಂಟೆ?"

"ಒಡ್ಡಿನ ಬುಡದ ಪಟ್ಟಿ."

ಕಾಸಿಂಬಿ ಶುರುಮಾಡಿದಳು ನೋಡಿ, ಪಂಚಾಯತಿ ಕಟ್ಟೆಯ ಮೇಲಿದ್ದವರೆಲ್ಲ ಎದ್ದು ಬೇರೆ ಕಡೆ ಹೋಗಿ ಕೂತರು. "ಮ್ಯಾಲ ಹಾರೋ ಹಾಳಾದ್ದಕ್ಕ ಏನ್ ಗೊತ್ತೈತಿ ನನ್ನ ಹೊಲ? ನಲವತ್ತು ವರ್ಷ ಆ ಪಟ್ಟಿ ಹರಗಿದವಳು ನಾನು! ದಾರಿ ಕೊಟ್ಟೇವಿ, ಅನ್ನಾ ಹಾಕೇವಿ, ಈಗ ಹೊಲಾನೂ ಕೊಡಬೇಕೇನು?"

ಅಫ್ಜಲ ಅವಳನ್ನು ಬದಿಗೆ ಕರೆದು ದನಿ ತಗ್ಗಿಸಿದ. "ಬೈದ್ರ ಏನೂ ಆಗೂದಿಲ್ಲ ಚಾಚಿ. ಆ ಬಂಡಿದಾರಿ ಮಾತ್ರ ಖರೆ ನಿಮ್ಮ ನಂಬರಿನಾಗ ಐತಿ. ಅದನ್ನ ಮುಚ್ಚಿ ಬಿಡ್ರಿ. ಅವರಿಗೆ ಬ್ಯಾರೆ ದಾರಿ ಇಲ್ಲ. ಬಿತ್ತನಿ ಟ್ರ್ಯಾಕ್ಟರ ಹೊಲಕ್ಕ ಹೋಗಲಿಲ್ಲಂದ್ರ ತಾವೇ ಬಂದು ಪಟ್ಟಿ ಬಿಟ್ಟುಕೊಟ್ಟೇವಿ ಅಂತ ಸಹಿ ಮಾಡ್ತಾರ."

ಆ ಮಾತು ಕಾಸಿಂಬಿಗೆ ಅಷ್ಟು ಒಪ್ಪಿಗೆಯಾಗಲಿಲ್ಲ. ಆದರೆ ಸಿಟ್ಟು ಬಂದಾಗ ಒಪ್ಪಿಗೆ ಕೇಳುವವರು ಯಾರು? ಮರುದಿನ ಜಾಲಿಮುಳ್ಳಿನ ಎರಡು ದೊಡ್ಡ ಟೊಂಗೆ ಎಳೆದು ತಂದು ದಾರಿಗೆ ಅಡ್ಡ ಹಾಕಿದಳು. ಹಾಕಿ, ಕೈ ಝಾಡಿಸಿ, ಯಾರಾದರೂ ನೋಡಿದರೋ ಎಂದು ಸುತ್ತ ನೋಡಿದಳು. ಯಾರೂ ಇರಲಿಲ್ಲ. ಆದರೂ ಮನೆಗೆ ಬರುವಾಗ ತಲೆಯ ಮೇಲಿನ ಸೆರಗು ಹಣೆತನಕ ಎಳೆದುಕೊಂಡಿದ್ದಳು.

ಸಂಜೆ ಸಾಜಿಯಾಳ ಫೋನು ಬಂತು. ಅಫ್ಜಲನ ಬಾಯಲ್ಲಿ ಮಾತು ನಿಲ್ಲುವುದುಂಟೇ?

"ಅಮ್ಮಾ, ದಾರಿಗೆ ಮುಳ್ಳು ಹಚ್ಚೀಯಂತಲ್ಲ?"

"ನಿನ್ನ ಸಲುವಾಗಿನ ಹಚ್ಚೀನಿ. ನಿನಗಂತ ಇಟ್ಟ ಪಟ್ಟಿ ಅದು."

"ಮುಳ್ಳು ಹಚ್ಚಿ ಉಳಿಸ್ಕೊಂಡ ಹೊಲ ನನ್ನ ಹೆಸರಿಗೆ ಬ್ಯಾಡ ಅಮ್ಮಾ. ಸಣ್ಣಾಕಿ ಇದ್ದಾಗ ಬಾಳವ್ವನ ಬಗಲಾಗ ಕುಂತು ಆ ದಾರಿ ಹಾದೇನಿ."

ಕಾಸಿಂಬಿ "ನಿನಗ ತಿಳಿಯೂದಿಲ್ಲ" ಎಂದು ಫೋನು ಕಟ್ ಮಾಡಿದಳು.

ಬಾಳಮ್ಮನ ಕಡೆಯಿಂದ ಮಾತೇ ಇಲ್ಲ. ಜಗಳಕ್ಕೂ ಬರಲಿಲ್ಲ, ಪಂಚರನ್ನೂ ಕರೆತರಲಿಲ್ಲ. ಅವಳ ಮಗ ಸಿದ್ದಾರ್ಥ ನವನಗರದಲ್ಲಿ ಮಾಸ್ತರ. ಅವನಾದರೂ ಬಂದು ನಾಲ್ಕು ಮಾತು ಆಡಬಹುದು ಎಂದು ಕಾಸಿಂಬಿ ಉತ್ತರ ಹೊಂದಿಸಿಕೊಂಡು ಕೂತಿದ್ದಳು. ಅವನೂ ಬರಲಿಲ್ಲ. ಹೊಂದಿಸಿಕೊಂಡ ಉತ್ತರ ಹೊಟ್ಟೆಯಲ್ಲೇ ಉಳಿದು ಉರಿಯತೊಡಗಿತು.

ಹೀಗೆ ಮೃಗಶಿರಾ ಹತ್ತಿರವಾಯಿತು. ಗುಂಡಾವರ್ತಿ ಸರಿಮಾಡುವ ದಿನ ಬಂತು. ತಕರಾರಿನ ಕೊನೆಯ ದಿನ ಅದರ ಮರುದಿನವೇ. ಕಾಸಿಂಬಿ ಆ ಮುಂಜಾನೆ ರೊಟ್ಟಿ ಬಡಿಯಲಿಲ್ಲ. ಬೇಕೆಂದೇ ಬಡಿಯಲಿಲ್ಲ. ಬಾಳಮ್ಮ ಬರುವುದಿಲ್ಲ, ಬಂದರೆ ಯಾವ ಮುಖ ಹೊತ್ತು ಬರುತ್ತಾಳೋ ನೋಡಿಯೇ ಬಿಡೋಣ ಎಂದು ಹೊಲಕ್ಕೆ ಹೋಗಿ, ಪಟ್ಟಿಯ ಕೆಳಗಿನ ಅಂಚಿನಲ್ಲಿ ಬೇವಿನ ಮರದಡಿಯ ಕಲ್ಲಿನ ಮೇಲೆ ಕೂತಳು. ಅವಳು ಯಾವಾಗಲೂ ಕೂರುವ ಕಲ್ಲು ಅದು. ಕುಡುಗೋಲು ಮಸೆಯುವುದು ಅದರ ಮೇಲೆ, ನೀರಿನ ಕೊಡ ಇಡುವುದು ಅದರ ಮೇಲೆ, ಬುತ್ತಿ ಬಿಚ್ಚುವುದೂ ಅದರ ಮೇಲೆ.

ಬಿಸಿಲು ಏರುವ ಹೊತ್ತಿಗೆ ಬಾಳಮ್ಮ ಬಂದಳು. ದಾರಿಯಿಂದಲ್ಲ, ದಾರಿಗೆ ಮುಳ್ಳಿತ್ತಲ್ಲ. ಹಳ್ಳಕ್ಕೆ ಇಳಿದು, ಸುತ್ತು ಹಾಕಿ, ಉಸುಕಿನಲ್ಲಿ ಕಾಲು ಹುಗಿಯುತ್ತ, ತಲೆಯ ಮೇಲೆ ಬುಟ್ಟಿ ತುಂಬ ಕಲ್ಲು ಹೊತ್ತು ಬಂದಳು. ಅರವತ್ತೈದರ ಹೆಂಗಸು. ಬುಟ್ಟಿ ಇಳಿಸಿ ಗುಂಡಾವರ್ತಿಯ ಮುಂದೆ ಕೂತು, ಸಡಿಲಾದ ಕಲ್ಲು ಕಿತ್ತು ಹೊಸದು ಕೂರಿಸತೊಡಗಿದಳು. ಅವಳು ಒಂದು ಕಲ್ಲು ಕೂರಿಸಿದರೆ ಅದನ್ನು ಒತ್ತಿ ಹಿಡಿಯಲು ಇನ್ನೊಂದು ಕೈ ಬೇಕು. ಆ ಕೈ ಬೇವಿನ ಮರದಡಿಯಲ್ಲಿ ಕಟ್ಟಿಕೊಂಡು ಕೂತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಬಾಳಮ್ಮ ಬೆವರು ಒರೆಸಿಕೊಂಡು ಈ ಕಡೆ ತಿರುಗಿದಳು. "ಯಾಕ ಕಾಸಿಂಬಿ, ಮೈಯಾಗ ಆರಾಮಿಲ್ಲೇನು? ಬುತ್ತಿ ತಂದಿಲ್ಲಲ್ಲ."

"ಬುತ್ತಿ? ಹದಿನಾಲ್ಕು ಗುಂಟೆ ನುಂಗೀಯಲ್ಲ, ಹೊಟ್ಟಿ ತುಂಬಿಲ್ಲೇನು?"

ಬಾಳಮ್ಮ ಅವಳನ್ನೇ ನೋಡಿದಳು. ಸಿಟ್ಟಿನಿಂದಲ್ಲ, ಗಾಬರಿಯಿಂದ. ಎದ್ದು ಹತ್ತಿರ ಬಂದಳು.

"ನಿನಗ ಗೊತ್ತಿಲ್ಲೇನ?"

"ಏನ್ ಗೊತ್ತಿರಬೇಕು?"

"ಈ ಪಟ್ಟಿ ನಮ್ಮದಂತ."

ಕಾಸಿಂಬಿ ನಕ್ಕಳು, ನಗು ಅರ್ಧಕ್ಕೇ ನಿಂತಿತು, ಯಾಕೆಂದರೆ ಬಾಳಮ್ಮ ನಗುತ್ತಿರಲಿಲ್ಲ.

"ಐವತ್ತು ವರ್ಷದ ಹಿಂದಿನ ಮಾತು. ನಮ್ಮ ಮಾವಗ ಸರ್ಕಾರ ಹೊಲ ಕೊಡ್ತು, ದಾರಿ ಕೊಡಲಿಲ್ಲ," ಎಂದಳು ಬಾಳಮ್ಮ. "ನಮ್ಮಂಥವರು ಹೊಲದವರಾದ್ರು ಅಂತ ಸುತ್ತಲಿನವರೆಲ್ಲ ಹದ್ದಿಗೆ ಮುಳ್ಳು ಹಚ್ಚಿದ್ರು. ಎರಡು ವರ್ಷ ಹೊಲ ಇದ್ದೂ ಬಿತ್ತಲಿಲ್ಲ. ಆವಾಗ ನಿಮ್ಮ ಮಾವ ಒಬ್ಬಾತ ತನ್ನ ಹೊಲದ ಅಂಚಿನಾಗ ಬಂಡಿ ಹೋಗುವಷ್ಟು ಜಾಗ ಬಿಟ್ಟು 'ಬಾ ಯಮನಪ್ಪಾ' ಅಂದ. ಅದು ಖರೆ. ಅದಕ್ಕ ನೀ ದಾರಿ ದಾರಿ ಅಂದಾಗ ನನಗ ಒಮ್ಮೆಯೂ ಸಿಟ್ಟು ಬರಲಿಲ್ಲ."

"ಮತ್ತ ಪಟ್ಟಿ?"

"ಒಡ್ಡು ಮೊದಲು ಇಲ್ಲಿತ್ತು, ಈ ಬೇವಿನ ಗಿಡದ ಸಾಲಿಗೆ. ಇಲ್ಲಿ ನೆಲ ಮೆತ್ತಗ. ವರ್ಷಾ ಒಡೀತಿತ್ತು, ಇಬ್ಬರ ಮಣ್ಣೂ ಹಳ್ಳಕ್ಕ. ಹದಿನೈದು ಹೆಜ್ಜಿ ಮ್ಯಾಲ ನಮ್ಮ ಹೊಲದಾಗ ಗಟ್ಟಿ ನೆಲ ಸಿಕ್ತು. ನೀರು ಎಲ್ಲಿ ಕೇಳತೈತೋ ಅಲ್ಲೇ ಒಡ್ಡು ಹಾಕೂಣ ಅಂತ ನಮ್ಮ ಮಾವ ತಾನೇ ಅಂದ. ಹಾಕಿದ್ರು. ಕೆಳಗ ಉಳಿದ ಪಟ್ಟಿ ನೀನ ಉಣ್ಣು ಅಂತ ನಿಮ್ಮ ಮಾವಗ ಬಿಟ್ಟ. ಕಾಗದ ಇಲ್ಲ, ಪತ್ರ ಇಲ್ಲ. ನಿಮ್ಮ ಮಾವ ಅವತ್ತ ಬುತ್ತಿ ಬಿಚ್ಚಿ ಮೊದಲ ರೊಟ್ಟಿ ನಮ್ಮ ಮಾವನ ಕೈಯಾಗ ಇಟ್ಟು ಏನಂದ ಗೊತ್ತೈತೇನು? 'ಯಮನಪ್ಪಾ, ನಿನ್ನ ಭೂಮಿ ಉಂಡು ನಿನಗ ಉಣಿಸಲಿಲ್ಲಂದ್ರ ನನ್ನ ಬಾಯಾಗ ಮಣ್ಣು ಬೀಳಲಿ. ಈ ಒಡ್ಡು ಇರೂತನಕ ಮೊದಲ ತುತ್ತು ನಿಮ್ಮ ಮನಿದು' ಅಂದ. ಅದಕ್ಕ ನಾವು ಅವತ್ತು ಹಸಿದು ಬರ್ತೇವಿ. ಆ ತುತ್ತಿನ ಮರ್ಯಾದಿಗೆ."

"ಸುಳ್ಳು," ಎಂದಳು ಕಾಸಿಂಬಿ. ದನಿ ಮಾತ್ರ ಅವಳದೇ ಎನಿಸಲಿಲ್ಲ. "ಖರೆ ಇದ್ದಿದ್ರ ನಲವತ್ತು ವರ್ಷ ಒಮ್ಮೆಯಾದ್ರೂ ಅಂತಿದ್ದಿ."

"ಏನಂತ ಅನ್ಲಿ? ವರ್ಷಾ ಮೊದಲ ರೊಟ್ಟಿ ನನ್ನ ಕೈಯಾಗ ಇಡ್ತಿದ್ದಿ. ತಿಳಿದು ಇಡ್ತಿ ಅಂತ ಮಾಡಿದ್ದೆ ನಾನು."

ಬಾಳಮ್ಮನ ಕಣ್ಣು ತುಂಬಿತ್ತು. ಅವಳು ಖಾಲಿ ಬುಟ್ಟಿ ಎತ್ತಿಕೊಂಡಳು. "ನನ್ನ ಮಾತು ನಂಬಬ್ಯಾಡ. ನೀ ಕುಂತೀಯಲ್ಲ, ಆ ಕಲ್ಲು ಕೇಳು," ಎಂದು ಹೇಳಿ, ಬಂದಂತೆಯೇ ಹಳ್ಳಕ್ಕೆ ಇಳಿದು, ಹಸಿದ ಹೊಟ್ಟೆಯಲ್ಲಿ ಹೋದಳು.

ಕಾಸಿಂಬಿ ಎದ್ದಳು. ಕೂತ ಕಲ್ಲನ್ನು ನೋಡಿದಳು. ನಲವತ್ತು ವರ್ಷ ನೋಡಿದ ಕಲ್ಲೇ. ಬುಡದ ಮಣ್ಣನ್ನು ಕಳೆ ಕೀಳುವ ಕುರ್ಚಿಗೆಯಿಂದ ಕೆದರಿದಳು. ಕಲ್ಲು ಬಾಗಿ, ಅರ್ಧಕ್ಕಿಂತ ಹೆಚ್ಚು ನೆಲದಲ್ಲಿ ಹೂತಿತ್ತು. ತಲೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ಮೇಲೆ ಹತ್ತಿದ್ದ ಹಳೆಯ ಮಣ್ಣಿನ ಹೆಕ್ಕಳೆ ಕಿತ್ತಳು. ಕುಡುಗೋಲು ಮಸೆದು ಮಸೆದು ನುಣುಪಾದ ಆ ಮೈಯಲ್ಲಿ ಉಳಿಯಿಂದ ಕಡಿದ ಎರಡು ಗೆರೆ, ಒಂದಕ್ಕೊಂದು ಅಡ್ಡ. ಮೋಜಣಿಯವರ ಬಾಂದಗಲ್ಲಿಗೆ ಇರುವ ಗುರುತು ಅದು; ದಾರಿಯ ಬಾಯಲ್ಲಿ, ಹಳ್ಳದ ಮೂಲೆಯಲ್ಲಿ, ಎಲ್ಲ ಕಡೆಯ ಹದ್ದಿನ ಕಲ್ಲಿಗೂ ಇದೇ ಗುರುತು. ತನ್ನ ಹೊಲ ಎಲ್ಲಿಗೆ ಮುಗಿಯುತ್ತದೆಂದು ಹೇಳುವ ಕಲ್ಲಿನ ಮೇಲೆಯೇ ಕೂತು, ಅದರ ಮೇಲೆಯೇ ಬುತ್ತಿ ಬಿಚ್ಚಿ, ಅವಳು ನಲವತ್ತು ವರ್ಷ ಕೊಡುವ ಕೈಯ ಮಾತಾಡಿದ್ದಳು.

ಅವಳು ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ನಾಚಿಕೆಯಾಯಿತು, ಭೂಮಿ ಬಾಯಿಬಿಟ್ಟರೆ ಇಳಿದುಬಿಡುವಷ್ಟು ನಾಚಿಕೆ. ಬಯಕೆಯ ಸೀತನಿ ನೆನಪಾಯಿತು. ಬರದ ವರ್ಷದ ಜೋಳ ನೆನಪಾಯಿತು. ಸಾಜಿಯಾ ಆ ಜೋಳದ ಗಂಜಿ ಕುಡಿದು ಬೆಳೆದಳು. ಅದೆಲ್ಲ ಇನ್ನೊಬ್ಬರು ಸದ್ದಿಲ್ಲದೆ ಬಿಟ್ಟುಕೊಟ್ಟ ಮಣ್ಣು. ಅಂಥವರ ಕಾಲಿಗೆ ಮುಳ್ಳು ಹಚ್ಚಿದ್ದಾಯಿತು; ಮಾವ ತೆಗೆದ ಮುಳ್ಳನ್ನು ತಾನು ಹೊತ್ತು ತಂದು ಹಾಕಿದ್ದಾಯಿತು. ಮತ್ತೆ ಇವತ್ತು, ಐವತ್ತು ವರ್ಷದಲ್ಲಿ ಮೊದಲ ಸಲ, ಆ ಮನೆಯ ಹಿರಿಯಳು ಇಲ್ಲಿಂದ ಹಸಿದು ಹೋದಳು. ಕಾಸಿಂಬಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಆದರೆ ಅತ್ತು ಕೂರುವ ಜಾಯಮಾನ ಅವಳದಲ್ಲ. ಸಂಜೆಯೊಳಗೆ ಜಾಲಿಟೊಂಗೆಗಳನ್ನು ಬರಿಗೈಯಿಂದ ಎಳೆದು ಹಳ್ಳಕ್ಕೆ ಎಸೆದಳು. ಅಂಗೈ ತುಂಬ ಗೀರು. ಬಿದ್ದ ಒಂದೊಂದು ಮುಳ್ಳನ್ನೂ ಆರಿಸಿದಳು. ಪಡುವಣದಲ್ಲಿ ಮೋಡ ಕಪ್ಪಾಗುತ್ತಿತ್ತು, ಗುಂಡಾವರ್ತಿಯ ಅರ್ಧ ಕಲ್ಲು ಇನ್ನೂ ಸಡಿಲವಿದ್ದವು.

ಮರುದಿನ ಪಂಚಾಯತಿ ಕಟ್ಟೆಯಲ್ಲಿ ಸರ್ವೆಯವರು ಕೂತಿದ್ದರು. ಬಾದಾಮಿ ಕಡೆಯ ಹುಡುಗಿ, ರೋಹಿಣಿ ಅಂತ. ವಯಸ್ಸು ಸಣ್ಣದು, ಮಾತು ಖಡಕ್ಕು. ಕೈಯಲ್ಲಿ ಟ್ಯಾಬು. ಅಫ್ಜಲ ತಕರಾರು ಅರ್ಜಿಯನ್ನು ಟೈಪು ಮಾಡಿಸಿ ತಂದು ಮುಂದೆಯೇ ನಿಂತಿದ್ದ. ಆಚೆ ಮೂಲೆಯಲ್ಲಿ ಬಾಳಮ್ಮ ಕಂಬಕ್ಕೆ ಒರಗಿ ಕೂತಿದ್ದಳು, ಈ ಕಡೆ ನೋಡಲಿಲ್ಲ.

"ಆ ಕಾಗದ ಮಡಚಿ ಕಿಸೆದಾಗ ಇಟ್ಕೊ," ಎಂದಳು ಕಾಸಿಂಬಿ ಅಫ್ಜಲನಿಗೆ.

"ಚಾಚೀ!"

"ಇಟ್ಕೊ ಅಂದೆ." ಆಮೇಲೆ ರೋಹಿಣಿಯ ಕಡೆ ತಿರುಗಿದಳು. ಊರವರೆಲ್ಲ ಕೇಳುವ ಹಾಗೆ, ಪಟ್ಟಿ ಕಳೆದುಕೊಂಡಾಗ ಬೈದಷ್ಟೇ ದೊಡ್ಡ ದನಿಯಲ್ಲಿ ಹೇಳಿದಳು: "ತಕರಾರು ಇಲ್ಲ ನಂದು. ನಿಮ್ಮ ಗೆರಿ ಬರೋಬರಿ ಐತಿ. ಆ ಹದಿನಾಲ್ಕು ಗುಂಟೆ ಬಾಳಮ್ಮನವು. ಅವರ ಮಾವ ನಮ್ಮ ಮಾವಗ ಉಣ್ಣಾಕ ಬಿಟ್ಟಿದ್ರು. ಐವತ್ತು ವರ್ಷ ಉಂಡೇವಿ. ನನಗ ಗೊತ್ತಿರಲಿಲ್ಲ, ಅದು ನನ್ನ ತಪ್ಪು."

ರೋಹಿಣಿ ಟ್ಯಾಬಿನಿಂದ ತಲೆ ಎತ್ತಿದಳು.

"ಬಿಟ್ಟುಕೊಟ್ಟದ್ದು ಚಲೋ ಆತ್ರಿ ಅಮ್ಮಾ. ಇದು ಮಂಜೂರಾದ ಜಮೀನು. ಸರ್ಕಾರದ ಪರವಾನಗಿ ಇಲ್ದ ಮಾರಾಕ, ಬದಲಿ ಮಾಡಾಕ ಬರೂದಿಲ್ಲ. ಇಂಥವರ ಹೊಲ ಇನ್ನೊಬ್ಬರ ಪಾಲಾಗಬಾರದಂತನ ಆ ಕಾಯ್ದಿ ಮಾಡ್ಯಾರ. ಯಾರರ ಒತ್ತಾಯ ಮಾಡಿ ಸಹಿ ತಗೊಂಡಿದ್ರೂ ಅದು ನಿಲ್ತಿರಲಿಲ್ಲ."

ಕಾಸಿಂಬಿ ಅಫ್ಜಲನ ಮುಖ ನೋಡಿದಳು. ಅರ್ಧ ತಹಶೀಲ್ದಾರ ತನ್ನ ಚಪ್ಪಲಿ ನೋಡುತ್ತಿದ್ದ.

"ಇನ್ನೊಂದು ಬರಕೋರಿ," ಎಂದಳು ಕಾಸಿಂಬಿ. "ನನ್ನ ಹೊಲದ ಅಂಚಿನ ಬಂಡಿದಾರಿ ಬಾಳಮ್ಮನ ಹೊಲಕ್ಕ ಹೋಗೂ ದಾರಿ. ನಾ ಇದ್ರೂ, ನಾ ಹೋದ್ರೂ. ಅದಕ್ಕ ಯಾರೂ ಮುಳ್ಳು ಹಚ್ಚಬಾರದಂತ ಬರೀರಿ."

ಆಗ ಕಂಬದ ಹತ್ತಿರದಿಂದ ಬಾಳಮ್ಮ ಎದ್ದು ಬಂದಳು. "ಹಂಗಾರ ನಂದೂ ಬರಕೋವ್ವಾ. ಒಡ್ಡು ಈಗ ಎಲ್ಲೈತೋ ಅಲ್ಲೇ ಇರಲಿ. ನನ್ನ ಹೊಲದ ನೀರು ಗುಂಡಾವರ್ತಿ ಇಳಿದು, ಪಟ್ಟಿ ದಾಟಿ, ಕಾಸಿಂಬಿ ಹೊಲಕ್ಕ ಹೋಗಬೇಕು. ಆ ನೀರು ಯಾರೂ ತಡೀಬಾರದು. ಗುಂಡಾವರ್ತಿ ಎರಡೂ ಮನಿಯವರು ಕೂಡಿ ಸರಿಮಾಡಬೇಕು."

ರೋಹಿಣಿ ಟ್ಯಾಬಿನ ಮೇಲೆ ಬೆರಳು ಆಡಿಸಿದಳು, ಮೇಲೆ ಕೆಳಗೆ ಹುಡುಕಿದಳು. "ದಾರಿಗೆ ಜಾಗ ಐತಿ. ನೀರಿನ ಬಾಯಿಗೆ ಇದರಾಗ ಜಾಗ ಇಲ್ರಿ."

"ಮ್ಯಾಲಿಂದ ಫೋಟೋ ಹೊಡಿಯೂವಾಗ ಒಡ್ಡು ಕಂಡಿತು, ನೀರು ಕಾಣಲಿಲ್ಲೇನು?" ಎಂದಳು ಕಾಸಿಂಬಿ. ಜನ ನಕ್ಕರು. ರೋಹಿಣಿಯೂ ನಕ್ಕಳು.

"ನೀವು ಹೇಳೂದು ಖರೆ ಐತ್ರಿ. ಮುಂದ ಎಲ್ಲಾ ಕಂಪ್ಯೂಟರದಾಗ ಹೋಗ್ತೈತಿ. ಬಾಯಿಮಾತಿನ ಕರಾರು ಗೊತ್ತಿದ್ದವರು ಒಬ್ಬೊಬ್ರ ಹೋಗ್ತಾರ, ಗೆರಿ ಮಾತ್ರ ಉಳೀತಾವ. ಎಲ್ಲಾ ಊರಾಗೂ ನನಗ ಇದ ಹೆದರಿಕಿ." ಅವಳು ಚೀಲದಿಂದ ಹೊಲದ ಕಾಗದದ ನಕ್ಷೆ ತೆಗೆದು, ಪೆನ್ನಿನಿಂದ ಒಡ್ಡು ಬರೆದು, ಗುಂಡಾವರ್ತಿಗೆ ಗುರುತು ಹಾಕಿ, ಪಕ್ಕದಲ್ಲಿ ಇಬ್ಬರ ಮಾತನ್ನೂ ಬರೆದಳು. "ಇದನ್ನ ಫೈಲಿಗೆ ಹಚ್ತೇನಿ. ನೀವೂ ಒಂದೊಂದು ನಕಲು ಇಟ್ಕೋರಿ. ಮ್ಯಾಲಿನವರಿಗೂ ಬರೀತೇನಿ, ಇದಕ್ಕ ಒಂದು ಜಾಗ ಮಾಡ್ರಿ ಅಂತ."

"ದಪ್ಪ ಅಕ್ಷರದಾಗ ಬರಿಯವ್ವಾ. ಅವರಿಗೆ ಕಣ್ಣು ಕಾಣೂದಿಲ್ಲ," ಎಂದಳು ಬಾಳಮ್ಮ.

ನಕ್ಷೆಗೆ ಇಬ್ಬರೂ ಸಹಿ ಹಾಕಿದರು. ಜಲಾಲುದ್ದೀನನ ಉತಾರದ ಮೇಲೆ ವಾರಸುದಾರರ ಹೆಸರು ಏರಿಸುವ ಅರ್ಜಿಯನ್ನೂ ಅಲ್ಲೇ ತೆಗೆದುಕೊಂಡರು. ಅದನ್ನು ಅಫ್ಜಲನೇ ಕೂತು ತುಂಬಿದ, ತಪ್ಪಿಗೆ ಪ್ರಾಯಶ್ಚಿತ್ತ ಎನ್ನುವ ಹಾಗೆ ದುಂಡಗಿನ ಅಕ್ಷರದಲ್ಲಿ. ಕಾಸಿಂಬಿ, ಸಾಜಿಯಾ. ತನ್ನ ಹೆಸರನ್ನು ಹೊಲದ ಕಾಗದದ ಮೇಲೆ ಕಾಸಿಂಬಿ ನೋಡಿದ್ದು ಅದೇ ಮೊದಲು. ಒಂದು ಎಕರೆ ಹದಿನಾರು ಗುಂಟೆ. ಕಡಿಮೆಯಾಗಿತ್ತು, ನಿಜ; ಆದರೆ ಈಗ ಅದರಲ್ಲಿ ಬೇರೆಯವರ ಒಂದು ಹೆಜ್ಜೆಯೂ ಇರಲಿಲ್ಲ.

ಇಬ್ಬರೂ ಕೂಡಿಯೇ ಕಟ್ಟೆ ಇಳಿದರು.

"ಪಟ್ಟಿ ನೀನ ಬಿತ್ತತೀಯಲ್ಲ ಈ ವರ್ಷ?" ಕಾಸಿಂಬಿ ಕೇಳಿದಳು.

"ಮತ್ತ? ಬ್ಯಾಡ ಅನ್ನಾಕ ನಾ ಏನ್ ಹುಚ್ಚಿ ಏನ?" ಎಂದಳು ಬಾಳಮ್ಮ. ಇಬ್ಬರಿಗೂ ನಗು ಬಂತು. ಆ ನಗುವಿನಲ್ಲಿ ಕಾಸಿಂಬಿಯ ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು. ಅರ್ಧ ಮಾತ್ರ.

ಮೂಡಲ ಮೋಡಕ್ಕೆ ಪಡುವಣ ಮೋಡ ಕೂಡುತ್ತಿತ್ತು. "ನಾಳೆ ನಸುಕಿನಾಗ ಬಾ," ಎಂದಳು ಕಾಸಿಂಬಿ. "ದಾರಿ ಹಿಡಿದ ಬಾ."

ಮರುದಿನ ಸಾಜಿಯಾಳೂ ಮೊದಲ ಬಸ್ಸಿಗೆ ಇಳಕಲ್ಲಿನಿಂದ ಬಂದಳು. ಅವಳಿಗೆ ಕಾಸಿಂಬಿ ದಾರಿಯುದ್ದಕ್ಕೂ ಎಲ್ಲವನ್ನೂ ಹೇಳುತ್ತ ಬಂದಳು: ದಾರಿ ಯಾರು ಕೊಟ್ಟರು, ಪಟ್ಟಿ ಯಾರು ಬಿಟ್ಟರು, ತಾನು ಎಷ್ಟು ಮೂರ್ಖಳಾಗಿದ್ದೆ ಎಂಬುದನ್ನೂ ಬಿಡದೆ. "ನಮ್ಮತ್ತಿ ನನಗ ಪದ್ಧತಿ ಹೇಳಿದ್ಳು, ಯಾಕಂತ ಹೇಳಲಿಲ್ಲ. ನಾ ಹಂಗ ಮಾಡೂದಿಲ್ಲ. ನೀನೂ ನಿನ್ನ ಮಕ್ಕಳಿಗೆ ಹೇಳು," ಎಂದಳು. ಬೇವಿನ ಮರದ ಹತ್ತಿರ ಬಂದಾಗ ಕುಡುಗೋಲು, ಕೊಡ, ಬುತ್ತಿ ಎಲ್ಲವನ್ನೂ ನೆಲದ ಮೇಲೆ ಇಟ್ಟಳು. ಆ ಕಲ್ಲಿನ ಮೇಲೆ ಏನನ್ನೂ ಇಡಲಿಲ್ಲ.

ಬಾಳಮ್ಮ ದಾರಿ ಹಿಡಿದೇ ಬಂದಳು, ತಲೆಯ ಮೇಲೆ ಕಲ್ಲಿನ ಬುಟ್ಟಿ. ಕಾಸಿಂಬಿಯ ನಾಲಿಗೆ ತುದಿಗೆ ಹಳೆಯ ಮಾತು ಬಂದು ನಿಂತಿತು. ಚಟ ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಅದನ್ನು ನುಂಗಿ, ಎದ್ದು ಹೋಗಿ ಬುಟ್ಟಿಗೆ ಕೈ ಕೊಟ್ಟು ಇಳಿಸಿದಳು. ಒಬ್ಬಳು ಕಲ್ಲು ಕೂರಿಸಿದರೆ ಇನ್ನೊಬ್ಬಳು ಒತ್ತಿ ಹಿಡಿದಳು. ಸಾಜಿಯಾ ಸಂದಿಗೆ ಚಕ್ಕೆ ತುಂಬಿದಳು. ಬಿಸಿಲು ಏರುವುದರೊಳಗೆ ಗುಂಡಾವರ್ತಿ ಗಟ್ಟಿಯಾಯಿತು. ಹಳ್ಳದ ಆಚೆ ಎಲ್ಲೋ ಮಳೆ ಬಿದ್ದ ವಾಸನೆ ಬರುತ್ತಿತ್ತು.

ಕೈ ತೊಳೆದುಕೊಂಡು ಮೂವರೂ ನೆಲದ ಮೇಲೆ ಕೂತರು. ಕಾಸಿಂಬಿ ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಅವಳು ಮೇಲಿನ ರೊಟ್ಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಬಾಳಮ್ಮ ಕೈ ಹಿಂದೆ ಎಳೆದಳು. "ಇನ್ನ ಇದರ ಗರಜು ಇಲ್ಲವ್ವಾ. ಪಟ್ಟಿ ತಿರುಗಿ ಬಂತಲ್ಲ ನನಗ. ಕೂಡೇ ಉಣ್ಣೂಣು."

ಕಾಸಿಂಬಿ ರೊಟ್ಟಿಯನ್ನು ಇಳಿಸಲಿಲ್ಲ. ಮುಳ್ಳು ಗೀರಿದ ಅಂಗೈಗಳಲ್ಲೇ ಮುಂದೆ ಚಾಚಿದಳು. ಈ ಸಲ ಅವಳ ಕೈ ಎತ್ತರದಲ್ಲಿರಲಿಲ್ಲ. ಬಾಳಮ್ಮನ ಕೈಗಿಂತ ಕೆಳಗಿತ್ತು.

"ನಲವತ್ತು ವರ್ಷ ತಿಳೀದ ಕೊಟ್ಟೇನಿ ಬಾಳವ್ವಾ," ಎಂದಳು. "ಇದೊಂದು ತಿಳಿದು ಕೊಡ್ತೇನಿ. ತಗೋ."

ಬಾಳಮ್ಮ ತೆಗೆದುಕೊಂಡಳು. ಒಂದು ತುತ್ತು ಮುರಿದು ಹಿಂಡಿಗೆ ಅದ್ದಿ ಬಾಯಿಗೆ ಹಾಕಿಕೊಂಡಳು. ನಿಧಾನಕ್ಕೆ ಅಗಿದಳು, ಕಣ್ಣೀರು ಕೆನ್ನೆಯ ಮೇಲೆ ಇಳಿಯಿತು, ಒರೆಸಿಕೊಳ್ಳಲಿಲ್ಲ.

"ಹಿಂಡಿಗೆ ಉಪ್ಪು ಕಡಿಮಿ ಆಗೈತಿ," ಎಂದಳು.